ಮೊಳೆ ನುಂಗಿದ ಅತ್ತೆ ಮತ್ತು ಜವಾಬ್ದಾರಿಯುಳ್ಳ ಜನ

ಕೆಲಸಕ್ಕೆ ಸೇರಿದ ಮೊದಲ ವರ್ಷ ಕಂಪನಿಯವರು ನನಗೊಂದು ಆರೋಗ್ಯ ವಿಮೆಯ ಕಾರ್ಡು ಕೊಟ್ಟರು. ರಜೆಯ ಹಾಗೆ ಅದೂ ವರ್ಷದ ಕೊನೆಗೆ ಸತ್ತುಹೋಗುತ್ತದೆ, ಅಷ್ಟರೊಳಗೆ ಬಳಸಿ ಮುಗಿಸಬೇಕು ಎಂದು ನಾನು ತಿಳಿದಿದ್ದೆ. ಹಾಗೆಂದು ಯಾರೂ ಹೇಳಿರಲಿಲ್ಲ. ಸ್ವಂತ ಬುದ್ಧಿಯಿಂದ ಕಂಡುಕೊಂಡ ಸತ್ಯ ಅದು. ವರ್ಷ ಮುಗಿಯುತ್ತ ಬಂದಾಗ ಅರ್ಧ ದಿನ ರಜೆ ಹಾಕಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ದೊಡ್ಡ ಆಸ್ಪತ್ರೆಯೊಂದಕ್ಕೆ ಹೋಗಿ ವೈದ್ಯರ ಮುಂದೆ ಕೂತೆ.

"ಏನು ತೊಂದ್ರೆ?" ಎಂದರು.

"ತೊಂದ್ರೆ ಏನಿಲ್ಲ ಡಾಕ್ಟ್ರೇ. ಕಾರ್ಡು ಮುಗಿದುಹೋಗುತ್ತೆ. ನಿಮಗೆ ಏನು ಸರಿ ಅನ್ಸುತ್ತೋ ಅದನ್ನ ಮಾಡಿ."

ಅವರು ನನ್ನ ಮುಖ ನೋಡಿದರು, ಕಾರ್ಡು ನೋಡಿದರು, ಮತ್ತೆ ಮುಖ ನೋಡಿದರು. "ಮಾಡೋದಾದ್ರೆ ತಲೆಯಿಂದ ಶುರು ಮಾಡ್ಬೇಕು. ಅದು ಈ ಕಾರ್ಡಲ್ಲಿ ಬರಲ್ಲ," ಎಂದು ಬಾಗಿಲ ಕಡೆ ಕೈ ತೋರಿಸಿದರು.

ಇದನ್ನು ಮನೆಗೆ ಬಂದು ಅತ್ತೆಗೆ ಹೇಳಿದೆ. ಬಾಯಿ ಮುಚ್ಚಿಕೊಂಡಿರಬಹುದಿತ್ತು. ಅವಳು ನಕ್ಕ ರಭಸಕ್ಕೆ ಬಾಯಲ್ಲಿದ್ದ ಮೊಳೆಗಳೆಲ್ಲ ನೆಲದ ಮೇಲೆ ಚೆಲ್ಲಿದವು. ಅವನ್ನು ಆಯ್ದುಕೊಟ್ಟವನೂ ನಾನೇ.

ಅತ್ತೆ ಎಂದರೆ ಅಪ್ಪನ ತಂಗಿ. ಕೆಳಗೆ ಅವಳ ಸೋಫಾ ರಿಪೇರಿ ಅಂಗಡಿ, ಮೇಲಿನ ಎರಡು ಕೋಣೆಗಳಲ್ಲಿ ಅವಳೂ ನಾನೂ. ಕಸುಬು ಕಲಿಸಿದ್ದು ಅವಳ ಗಂಡ, ನನ್ನ ಮಾವ. ಕಲಿಸಿ ಮುಗಿಸಿ, ಒಂದು ಹೊಲಿಗೆ ಯಂತ್ರವನ್ನು ಬಿಟ್ಟು ಹೊರಟುಹೋದ. ದಪ್ಪ ರೆಕ್ಸಿನ್ನನ್ನು ನಾಲ್ಕು ಮಡಿಕೆಯಲ್ಲೂ ಹೊಲಿಯಬಲ್ಲ ಭಾರಿ ಯಂತ್ರ. ಅಂಗಡಿ ಎಂದರೆ ಆ ಯಂತ್ರವೇ. ಉಳಿದದ್ದೆಲ್ಲ ಸ್ಪಂಜಿನ ಪುಡಿ, ಅಂಟಿನ ವಾಸನೆ, ಚರ್ಮ ಸುಲಿಸಿಕೊಂಡು ಸ್ಪ್ರಿಂಗು ತೋರಿಸುತ್ತ ನಿಂತ ಕುರ್ಚಿಗಳು.

ಅತ್ತೆಯ ಕೆಲಸದ ರೀತಿ ನೋಡದವರಿಗೆ ವಿವರಿಸುವುದು ಕಷ್ಟ. ಅವಳ ಸಣ್ಣ ಸುತ್ತಿಗೆಯ ತುದಿಗೆ ಅಯಸ್ಕಾಂತದ ಗುಣ. ಒಂದು ಹಿಡಿ ಸಣ್ಣ ಮೊಳೆಗಳನ್ನು ಬಾಯೊಳಗೆ ಸುರಿದುಕೊಳ್ಳುತ್ತಾಳೆ. ನಾಲಿಗೆಯಲ್ಲೇ ಒಂದನ್ನು ತಿರುಗಿಸಿ, ತಲೆ ಮುಂದೆ ಮಾಡಿ ತುಟಿಗೆ ತರುತ್ತಾಳೆ. ಸುತ್ತಿಗೆ ತುಟಿಗೆ ಮುತ್ತು ಕೊಟ್ಟ ಹಾಗೆ ಬಂದು ಅದನ್ನು ಕಚ್ಚಿಕೊಂಡು ಹೋಗುತ್ತದೆ. ಟಕ್. ಒಂದು ಕೈ ಬಟ್ಟೆಯನ್ನು ಎಳೆದು ಹಿಡಿದಿರಬೇಕು, ಇನ್ನೊಂದು ಕೈಯಲ್ಲಿ ಸುತ್ತಿಗೆ. ಮೊಳೆಗೆ ಮೂರನೆಯ ಕೈ ಬೇಕಲ್ಲ, ಅದು ಬಾಯಿ. ಒಮ್ಮೆ ನಾನು ಸಂಬಳದಲ್ಲಿ ಪಿನ್ನು ಹೊಡೆಯುವ ಗನ್ನೊಂದನ್ನು ತಂದುಕೊಟ್ಟೆ. ಅದನ್ನು ಬಾಗಿಲು ಮುಚ್ಚಿಕೊಳ್ಳದ ಹಾಗೆ ಒತ್ತು ಇಟ್ಟಳು. "ಇದ್ರಲ್ಲಿ ಹೊಡೆದ ಸೀಟು ಎರಡೇ ವರ್ಷಕ್ಕೆ ಬಾಯಿ ಬಿಡುತ್ತೆ ಕಣೋ. ನಿಮ್ಮ ಆಫೀಸಿನವರ ಹಾಗೆ." ಬಾಯಿ ಬಿಡುವುದೇ ನನ್ನ ಆಫೀಸಿನ ಕೆಲಸ. ಫೋನು ಎತ್ತುವುದು, ಗ್ರಾಹಕರು ಬೈಯುವಷ್ಟು ಬೈಯಲು ಬಿಡುವುದು, ಆಮೇಲೆ ಕ್ಷಮೆ ಕೇಳುವುದು. ತಪ್ಪು ಯಾವುದೆಂದು ಇಬ್ಬರಿಗೂ ಗೊತ್ತಿರುವುದಿಲ್ಲ.

ಈಗ ಭಾವನ ವಿಷಯ. ಭಾವ ಎಂದರೆ ಅಕ್ಕನ ಗಂಡ. ನಮ್ಮ ಕುಟುಂಬದ ಜವಾಬ್ದಾರಿ ಇಲಾಖೆಯ ಮಂತ್ರಿ. ಜೀವಕ್ಕೆ, ಕಾರಿಗೆ, ಟಿ.ವಿ.ಗೆ, ಫೋನಿನ ಗಾಜಿಗೆ, ಎಲ್ಲಕ್ಕೂ ವಿಮೆ ಮಾಡಿಸಿದ್ದಾನೆ. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು "ನಿಮ್ದು ಕವರ್ ಎಷ್ಟಿದೆ?" ಎಂದು ಕೇಳುತ್ತಾನೆ. ಹಿಂದೊಮ್ಮೆ ಬೆನ್ನ ಮೇಲಿನ ಗಂಟು ತೆಗೆಸಲು ಹೋದಾಗ ಮಧ್ಯಾಹ್ನದ ಹೊತ್ತಿಗೇ ಎಲ್ಲ ಮುಗಿದಿತ್ತು. ಆದರೆ ಒಂದು ರಾತ್ರಿ ಹಾಸಿಗೆ ಹಿಡಿಯದಿದ್ದರೆ ವಿಮೆಯ ಹಣ ಹುಟ್ಟುವುದಿಲ್ಲವೆಂದು ಗೊತ್ತಾಗಿ, ನೋವಿದೆ ನೋವಿದೆ ಎಂದು ನರಳುತ್ತ ಬೆಳಗಿನವರೆಗೆ ಅಲ್ಲೇ ಬಿದ್ದುಕೊಂಡ. ಪಕ್ಕದ ಹಾಸಿಗೆಯ ನಿಜವಾದ ರೋಗಿ ಇವನಿಗೇ ಸಮಾಧಾನ ಹೇಳಿದನಂತೆ. ಇದನ್ನು ಭಾವ ಸಾಧನೆಯ ಹಾಗೆ ಎಲ್ಲರಿಗೂ ಹೇಳುತ್ತಾನೆ.

ಅತ್ತೆಗೆ ವಿಮೆ ಇಲ್ಲ ಎನ್ನುವುದು ಅವನ ಗಂಟಲಲ್ಲಿ ಸಿಕ್ಕಿದ ಮುಳ್ಳು. "ಇದು ಬೇಜವಾಬ್ದಾರಿ ಅತ್ತೆ. ನಿಮಗೇನಾದ್ರೂ ಆದ್ರೆ ಅನುಭವಿಸೋರು ನಾವು." ಈ ಮಾತಿಗೆ ನಾನೂ ತಲೆ ಆಡಿಸುತ್ತಿದ್ದೆ. ಕಂಪನಿ ಪುಕ್ಕಟೆ ಕೊಟ್ಟ ಕಾರ್ಡು ಜೇಬಿನಲ್ಲಿರುವವನಿಗೆ ತಲೆ ಆಡಿಸಲು ಖರ್ಚೇನು?

ಹಿಂಸೆ ತಾಳದೆ ಅತ್ತೆ ಒಪ್ಪಿದಳು. ಭಾವ ಒಬ್ಬ ಏಜೆಂಟನನ್ನು ಕರೆದುಕೊಂಡು ಬಂದ. ಆತ ಅತ್ತೆಯೇ ಸೀಟು ಹಾಕಿದ ಕುರ್ಚಿಯಲ್ಲಿ ಹಾಯಾಗಿ ಕೂತು ಉಪದೇಶ ಮಾಡಿದ. "ಕಂಪನಿಯಿಂದ ಫೋನ್ ಬರುತ್ತೆ ಅಮ್ಮ. ಏನು ಕೇಳಿದ್ರೂ ಇಲ್ಲ ಅನ್ನಿ. ಅಷ್ಟೇ."

"ನನ್ನ ಹೆಸರು ಕೇಳಿದ್ರೆ?"

"ಅದೊಂದಕ್ಕೆ ಹೂಂ ಅನ್ನಿ."

ಫೋನು ಬಂದಾಗ ಅತ್ತೆ ಒಂದು ದೊಡ್ಡ ಸೋಫಾದ ಬೆನ್ನಿಗೆ ಬಟ್ಟೆ ಎಳೆಯುತ್ತಿದ್ದಳು. ನಾನು ಫೋನನ್ನು ಸ್ಪೀಕರಿಗೆ ಹಾಕಿ ಅವಳ ಮುಂದೆ ಹಿಡಿದೆ. ಆ ಕಡೆಯ ಹುಡುಗಿ ಒಂದೇ ಉಸಿರಿಗೆ ರೋಗಗಳ ಹೆಸರು ಓದುತ್ತ ಹೋದಳು; ಅತ್ತೆ ಇಲ್ಲ, ಇಲ್ಲ ಎನ್ನುತ್ತ ಟಕ್, ಟಕ್ ಎಂದು ಹೊಡೆಯುತ್ತ ಹೋದಳು.

"ಬಾಯಲ್ಲಿ ಏನಾದರೂ ಇಟ್ಟುಕೊಳ್ಳುವ ಅಭ್ಯಾಸ ಇದೆಯಾ ಮೇಡಂ?"

ಸುತ್ತಿಗೆ ನಿಂತಿತು. ನಾನು ಕಣ್ಣು ಸನ್ನೆ ಮಾಡಿದೆ. ಅವಳು ನನ್ನನ್ನು ಕುರ್ಚಿಯ ಕಾಲು ನೋಡುವ ಹಾಗೆ ನೋಡಿದಳು.

"ಇದೆ."

"ಏನು ಮೇಡಂ? ಹೊಗೆಸೊಪ್ಪಾ?"

"ಮೊಳೆ."

"ಯಾವ ಬ್ರಾಂಡು ಮೇಡಂ?"

"ಕಬ್ಬಿಣದ್ದಮ್ಮ. ಹೊಡೆಯೋ ಮೊಳೆ. ಈಗ್ಲೂ ಬಾಯಲ್ಲಿದೆ. ಬೆಳಿಗ್ಗೆಯಿಂದ ಸಂಜೆವರೆಗೂ ಇರುತ್ತೆ."

"ಒಂದು ನಿಮಿಷ, ಸೀನಿಯರ್ ಹತ್ರ ಕೇಳ್ತೀನಿ," ಎಂದಳು ಹುಡುಗಿ. ಸೀನಿಯರ್ ಏನು ಹೇಳಿದನೋ, ಆ ವಾರವೇ ಅತ್ತೆಯ ಫೋನಿಗೆ ಒಂದು ಸಾಲಿನ ಸಂದೇಶ ಬಂತು: ನಿಮಗೆ ಪಾಲಿಸಿ ಕೊಡಲಾಗದ್ದಕ್ಕೆ ವಿಷಾದಿಸುತ್ತೇವೆ.

ಭಾವ ಕುಣಿದಾಡಿಬಿಟ್ಟ. "ಯಾರಾದ್ರೂ ನಿಜ ಹೇಳ್ತಾರಾ? ಅಷ್ಟೂ ಜವಾಬ್ದಾರಿ ಬೇಡ್ವಾ?"

ಸುಳ್ಳು ಹೇಳಿ ಒಳಗೆ ಸೇರಿದವರು ಜವಾಬ್ದಾರಿಯುಳ್ಳವರು, ನಿಜ ಹೇಳಿ ಹೊರಗೆ ಉಳಿದವಳು ಬೇಜವಾಬ್ದಾರಿ. ಈ ಲೆಕ್ಕ ಅರ್ಥವಾಗಲು ಭಾವನಷ್ಟು ಓದಿರಬೇಕು. ಹಾಗೆಂದು ಅತ್ತೆಯೇನೂ ಸಾಚಾ ಅಲ್ಲ. ಬೇರೆ ಕಂಪನಿಯಲ್ಲಿ ಕೇಳೋಣ ಎಂದರೆ ಕೇಳಲಿಲ್ಲ. ಬೇಡ ಎನ್ನಿಸಿಕೊಂಡದ್ದನ್ನೇ ಪದಕದ ಹಾಗೆ ಕುತ್ತಿಗೆಗೆ ಹಾಕಿಕೊಂಡು ಬಂದ ಗಿರಾಕಿಗಳಿಗೆಲ್ಲ ಹೇಳಿದಳು. "ನನಗೆ ಕಾಯಿಲೆ ಬರಬಾರದು ಅಂತ ಕಂಪನಿಯೋರೇ ತೀರ್ಮಾನ ಮಾಡಿದಾರೆ." ಗಿರಾಕಿಗಳು ನಕ್ಕರು. ಅವರಲ್ಲಿ ಅರ್ಧ ಜನಕ್ಕೂ ವಿಮೆ ಇರಲಿಲ್ಲ. ನಗುವಿಗೆ ಸ್ವಲ್ಪ ಭಯದ ಬಣ್ಣವಿತ್ತು.

ಆಮೇಲೊಂದು ದಿನ ಭಾವ ಹೊಸ ಪಾಲಿಸಿಯ ಬಣ್ಣಬಣ್ಣದ ಹಾಳೆ ಹಿಡಿದು ಅಂಗಡಿಗೆ ಬಂದ. ಅತ್ತೆ ಬಾಗಿಲಿಗೆ ಬೆನ್ನು ಹಾಕಿ, ತಲೆಕೆಳಗಾಗಿ ಮಲಗಿಸಿದ ಕುರ್ಚಿಯೊಂದರ ಹೊಟ್ಟೆಗೆ ಪಟ್ಟಿ ಬಿಗಿಯುತ್ತಿದ್ದಳು. ಇವನು ಹಿಂದಿನಿಂದ ಬಂದು ಕಿವಿಯ ಹತ್ತಿರವೇ ಕೂಗಿದ:

"ಅತ್ತೇ! ನಿಮ್ಮ ಜೀವದ ಮೇಲೆ ನಿಮಗೆ ಜವಾಬ್ದಾರಿ ಇದೆಯೋ ಇಲ್ವೋ?"

ಅತ್ತೆ ಬೆಚ್ಚಿ ತಿರುಗಿದಳು. ಉತ್ತರಿಸಲು ಬಾಯಿ ತೆರೆದಳು. ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಉಳಿದ ಮೊಳೆಗಳನ್ನು ಅಂಗೈಗೆ ಉಗಿದು ನೋಡಿ, ತಣ್ಣಗೆ ಹೇಳಿದಳು:

"ಒಂದು ಒಳಗೆ ಹೋಯ್ತು."

ಆಸ್ಪತ್ರೆಯ ಎಕ್ಸ್‌ರೇ ಫೋಟೋದಲ್ಲಿ ಮೊಳೆ ಸ್ಪಷ್ಟವಾಗಿ ಕಾಣುತ್ತಿತ್ತು, ಅವಳ ಪಕ್ಕೆಲುಬುಗಳಿಗಿಂತ ಅಚ್ಚುಕಟ್ಟಾಗಿ. ಹೊಟ್ಟೆ ದಾಟಿ ಕರುಳಿಗೆ ಇಳಿದಿದೆ, ಕೊಳವೆ ಹಾಕಿ ತೆಗೆಯಲು ಆಗುವುದಿಲ್ಲ ಎಂದರು ಡಾಕ್ಟರು. ಸಾಮಾನ್ಯವಾಗಿ ತಾನಾಗೇ ಹೊರಗೆ ಹೋಗುತ್ತದೆ. ಎಲ್ಲಾದರೂ ಚುಚ್ಚಿತೋ, ಹೊಟ್ಟೆ ಕೊಯ್ಯಬೇಕು. ಅಲ್ಲಿಯವರೆಗೆ ಇಲ್ಲೇ ಇರಲಿ, ಕಾಯೋಣ.

ಕೊಯ್ದರೆ ಏನಾಗುತ್ತದೆ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು. ರೆಕ್ಸಿನ್ ವ್ಯಾಪಾರಿಯೊಬ್ಬ ಮಾವನ ಯಂತ್ರದ ಮೇಲೆ ಎಷ್ಟೋ ವರ್ಷದಿಂದ ಕಣ್ಣಿಟ್ಟಿದ್ದ. ಆಪರೇಷನ್ನಿನ ಖರ್ಚಿಗೆ ಅತ್ತೆಯ ಹತ್ತಿರ ಮಾರುವಂಥದ್ದು ಅದೊಂದೇ. ಯಂತ್ರ ಹೋದರೆ ಅಂಗಡಿ ಹೋಯಿತು. ಅಂಗಡಿ ಹೋದರೆ ಅತ್ತೆ ಬದುಕಿಯೂ ಏನು ಮಾಡುತ್ತಾಳೆ ಎನ್ನುವುದನ್ನು ಯಾವ ಡಾಕ್ಟರೂ ಹೇಳುವಂತಿರಲಿಲ್ಲ.

ಹಣ ಕಟ್ಟುವ ಕಿಟಕಿಯ ಹಿಂದಿದ್ದವನು ತಲೆ ಎತ್ತದೆ ಕೇಳಿದ. "ವಿಮೆ ಇದೆಯಾ?"

ನನ್ನ ಜೀವನದ ಮಹತ್ವದ ಗಳಿಗೆ ಇದೇ ಎನ್ನಿಸಿತು. ಎದೆ ಉಬ್ಬಿಸಿ ನನ್ನ ಕಾರ್ಡನ್ನು ಕಿಟಕಿಯೊಳಗೆ ತಳ್ಳಿದೆ.

"ಪೇಷಂಟು ನಿಮಗೇನಾಗಬೇಕು?"

"ಅತ್ತೆ."

"ಹೆಂಡತಿಯ ತಾಯಿಯಾ?"

"ಅಲ್ಲ, ಅಪ್ಪನ ತಂಗಿ. ಒಂದೇ ಮನೇಲಿದೀವಿ. ಊಟ ಹಾಕೋಳು ಅವಳೇ."

"ಕುಟುಂಬಕ್ಕೆ ಮಾತ್ರ ಬರುತ್ತೆ ಸರ್," ಎಂದು ಕಾರ್ಡನ್ನು ಎರಡು ಬೆರಳಿನಲ್ಲಿ ವಾಪಸು ತಳ್ಳಿದ. ನಾನಿನ್ನೂ ಮದುವೆಯಾಗಿಲ್ಲ. ಎಲ್ಲೋ ಇರುವ, ಹೆಸರೂ ಗೊತ್ತಿಲ್ಲದ ನನ್ನ ಮುಂದಿನ ಹೆಂಡತಿಗೆ ಆ ಕಾರ್ಡಿನಲ್ಲಿ ಜಾಗ ಸಿದ್ಧವಿದೆ. ನನ್ನ ಒದ್ದೆ ಟವೆಲು ಒಣಹಾಕುವವಳಿಗೆ ಇಲ್ಲ. ಎಂದಿನ ಅಭ್ಯಾಸಬಲದಿಂದ ನಾನು "ಕ್ಷಮಿಸಿ" ಎಂದು ಹೇಳಿ ಬಂದೆ.

ಅತ್ತೆ ಹಾಸಿಗೆಯ ಮೇಲೆ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿದ್ದಳು. ಅವಳ ಸುತ್ತ ನಮ್ಮ ಕುಟುಂಬದ ಮಹಾಸಭೆ ನಡೆಯಿತು. ಅಕ್ಕ ಅತ್ತಳು. ಭಾವ ಭಾಷಣ ಮಾಡಿದ. "ನಾನು ಅವತ್ತೇ ಹೇಳಿದ್ದೆ" ಎನ್ನುವ ಮಾತನ್ನು ಅವನು ಎಷ್ಟು ಸಲ ಹೇಳಿದನೆಂದರೆ, ಪಕ್ಕದ ಹಾಸಿಗೆಯ ಮುದುಕಿ ಅವನ ಜೊತೆ ತಾನೂ ಗುನುಗತೊಡಗಿದಳು. ಮೊಳೆ ಒಳಗೆ ಹೋಗಿದ್ದು ಇವನು ಕಿವಿಯಲ್ಲಿ ಕೂಗಿದ್ದಕ್ಕೆ ಎನ್ನುವುದನ್ನು ಯಾರೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಭಾವನ ಕಾರಿನಲ್ಲೇ ವಾಪಸು ಹೋಗಬೇಕಿತ್ತಲ್ಲ.

"ಎಲ್ಲಾ ಹೊಟ್ಟೆಗೆ ಹಾಕ್ಕೊಂಡಿದೀನಿ ಬಿಡೋ," ಎಂದಳು ಅತ್ತೆ ನನ್ನ ಮುಖ ನೋಡಿ. ಅವಳ ತುಟಿ ಒಣಗಿತ್ತು. ಭಾವ ಫೋನು ಹಿಡಿದು ಹೊರಗೆ ಹೋದಾಗ ಮೆಲ್ಲಗೆ ಕೇಳಿದಳು. "ಆ ರೆಕ್ಸಿನ್ನಿನವನು ಬಂದಿದ್ನಾ?"

"ಬಂದಿದ್ದ. ನಿಮ್ಮತ್ತೆ ಹೇಗಿದಾರೆ ಅಂತ ಕೇಳ್ದ."

"ನನ್ನನ್ನ ಕೇಳೋಕಲ್ಲ ಬಂದಿರೋದು. ಯಂತ್ರದ ಮೇಲೆ ಹಳೇ ಬೆಡ್‌ಶೀಟ್ ಹೊದಿಸು. ಕಾಣಬಾರದು." ಇಷ್ಟು ಹೇಳಿ ಗೋಡೆಯ ಕಡೆ ತಿರುಗಿಕೊಂಡಳು. ಅತ್ತೆ ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೊಳೆ ನಿಧಾನವಾಗಿ ಪ್ರಯಾಣ ಮಾಡಿತು. ದಿನ ದಿನ ಫೋಟೋ ತೆಗೆದರು. ಒಮ್ಮೆ ಎಡಕ್ಕೆ, ಒಮ್ಮೆ ಕೆಳಕ್ಕೆ; ಒಂದು ದಿನವಂತೂ ಕದಲಲೇ ಇಲ್ಲ, ಆ ದಿನ ಡಾಕ್ಟರು ಹಾಸಿಗೆಯ ಹತ್ತಿರ ಹೆಚ್ಚು ಹೊತ್ತು ನಿಂತರು. ನಾನು ಆಫೀಸಿನಲ್ಲಿ ಯಾರದೋ ಬೈಗುಳ ಕೇಳುತ್ತ ಅತ್ತೆಯ ಕರುಳಿನ ನಕ್ಷೆಯನ್ನು ನೆನೆಯುತ್ತಿದ್ದೆ. ಕೊನೆಗೊಂದು ಬೆಳಿಗ್ಗೆ ಫೋಟೋದಲ್ಲಿ ಮೊಳೆಯೇ ಇರಲಿಲ್ಲ. ಯಾರಿಗೂ ತೊಂದರೆ ಕೊಡದೆ, ಯಾವ ಪಾಲಿಸಿಗೂ ಕಾಯದೆ, ತನ್ನ ದಾರಿ ಹಿಡಿದು ಹೋಗಿತ್ತು.

ಭಾವನ ಮುಖ ಸ್ವಲ್ಪ ಬಾಡಿತು. ಅತ್ತೆಯ ಮೇಲೆ ಅವನಿಗೆ ಪ್ರೀತಿ ಇಲ್ಲವೆಂದಲ್ಲ. ಆದರೆ ಇಷ್ಟು ದೊಡ್ಡ ನೀತಿಪಾಠ ಆಪರೇಷನ್ ಇಲ್ಲದೇ ಮುಗಿದುಹೋದದ್ದು ಯಾರಿಗಾದರೂ ಬೇಸರವೇ. ಆಸ್ಪತ್ರೆಯ ಬಿಲ್ಲನ್ನು ಅತ್ತೆಯ ಉಳಿತಾಯ, ನನ್ನ ಸಂಬಳ, ಅಕ್ಕನ ಗುಟ್ಟಿನ ಡಬ್ಬಿ ಸೇರಿ ಮುಗಿಸಿದವು. ಭಾವ ಪಾರ್ಕಿಂಗಿನ ಚೀಟಿಯ ಹಣ ಕೊಟ್ಟ.

ಮನೆಗೆ ಬಂದವಳೇ ಅತ್ತೆ ಮೊದಲು ಬೆಡ್‌ಶೀಟ್ ಎಳೆದು ಯಂತ್ರದ ಮುಖ ನೋಡಿದಳು. ಮಾರನೆಯ ದಿನ ನಾನು ಕೆಳಗಿಳಿದು ಬರುವಷ್ಟರಲ್ಲಿ ಆ ತಲೆಕೆಳಗಾದ ಕುರ್ಚಿಯ ಮುಂದೆ ಮಂಡಿಯೂರಿ ಕೂತಿದ್ದಳು. ಬಾಯಿ ಉಬ್ಬಿತ್ತು. ಬಾಗಿಲ ಒತ್ತಿನ ಗನ್ನು ಇದ್ದಲ್ಲೇ ಇತ್ತು.

ಭಾವ ಹೊರಗೆ ಕಾರು ನಿಲ್ಲಿಸಿ ಬಂದ. ಈ ಸಲ ಎದುರಿನಿಂದ ಬಂದ, ದೂರದಲ್ಲೇ ನಿಂತ, ಮೆತ್ತಗೆ ಮಾತಾಡಿದ. ಅಷ್ಟರ ಮಟ್ಟಿಗೆ ಮೊಳೆ ಅವನಿಗೂ ಪಾಠ ಕಲಿಸಿತ್ತು.

"ಅತ್ತೆ, ತಪ್ಪು ತಿಳ್ಕೋಬೇಡಿ. ಈ ಸಲ ಏನೋ ಆಯ್ತು, ಹೋಯ್ತು. ಮುಂದಿನ ಸಲ ಏನಾದ್ರೂ ದೊಡ್ಡದಾಗೇ ಆದ್ರೆ, ಆಗ ನೀವು ಯಾರ ತಲೆ ಮೇಲೆ ಬೀಳ್ತೀರ?"

ಕೇಳಬಾರದ ಪ್ರಶ್ನೆ ಎಂದು ಹಲ್ಲು ಕಚ್ಚಿದೆ. ಆದರೆ ಅದೇ ಪ್ರಶ್ನೆ ಅಷ್ಟೂ ದಿನ ನನ್ನ ಹೊಟ್ಟೆಯಲ್ಲೂ ಇತ್ತು. ಕೇಳುವ ಧೈರ್ಯವಿಲ್ಲದೆ ಭಾವನ ಬಾಯಿಗೆ ಕಾಯುತ್ತಿದ್ದೆ, ಅಷ್ಟೇ. ಆದ್ದರಿಂದ ನಾನೂ ಮೆಟ್ಟಿಲ ಮೇಲೆ ನಿಂತು ಕಿವಿಕೊಟ್ಟೆ.

ಅತ್ತೆ ಅವಸರ ಮಾಡಲಿಲ್ಲ. ತುಟಿಯಲ್ಲಿದ್ದ ಮೊಳೆಯನ್ನು ಸುತ್ತಿಗೆಗೆ ಕೊಟ್ಟು ಹೊಡೆದಳು. ಉಳಿದವನ್ನೆಲ್ಲ ಅಂಗೈಗೆ ಉಗಿದಳು. ಮೊದಲು ಭಾವನನ್ನು ನೋಡಿದಳು, ಆಮೇಲೆ ನನ್ನನ್ನು.

"ನಿಮ್ಮಿಬ್ರ ತಲೆ ಮೇಲೇ. ಇನ್ಯಾರ ಮೇಲೆ ಬೀಳ್ಲಿ? ಅದಕ್ಕೇ ಇಬ್ರೂ ಆರೋಗ್ಯ ಚೆನ್ನಾಗಿ ನೋಡ್ಕೊಳ್ಳಿ."