ವಿದ್ಯುತ್ ರತ್ನನ ಮನೆಯ ಸಾಕೆಟ್ಟು

ಸೂಲಿಬೆಲೆ ಸುತ್ತಿನ ಗಂಡಸರ ಜೇಬಿನಲ್ಲಿ ಬೀಡಿಯೋ ಮೊಬೈಲೋ ಇರುತ್ತದೆ. ದೊಡ್ಡಬೀರಪ್ಪನ ಜೇಬಿನಲ್ಲಿ ಮಾತ್ರ ಟೆಸ್ಟರ್. ಅವನ ಮದುವೆಯ ಧಾರೆ ಹೊತ್ತಿನಲ್ಲೂ ಅದು ಜುಬ್ಬದ ಜೇಬಿನಿಂದ ತಲೆ ಹೊರಹಾಕಿ ಎಲ್ಲವನ್ನೂ ನೋಡಿತ್ತು.

ಊರಲ್ಲಿ ಯಾರ ಮನೆಯ ಬಲ್ಬು ಕಣ್ಣು ಮಿಟುಕಿಸಿದರೂ ಬೀರಪ್ಪ ಹಾಜರು. ಟೆಸ್ಟರನ್ನು ಚುಚ್ಚಿ, ಉಸಿರು ಬಿಗಿಹಿಡಿದು ತೀರ್ಪು ಕೊಡುತ್ತಿದ್ದ. ಅದರ ಕೆಂಪು ದೀಪ ಹತ್ತಿದರೆ, "ಕರೆಂಟೈತೆ, ನಿನ್ ಸಾಮಾನು ಸರಿಯಿಲ್ಲ." ಹತ್ತದಿದ್ದರೆ, "ಸಾಮಾನು ಸರಿಯೈತೆ, ಕರೆಂಟಿಲ್ಲ." ಮೂರನೆಯ ಕಾಯಿಲೆ ಅವನ ವೈದ್ಯದಲ್ಲಿ ಇರಲಿಲ್ಲ. ಅರ್ಧಕ್ಕರ್ಧ ಸಲ ಹೇಳಿದ್ದು ಸರಿಹೋಗುತ್ತಿತ್ತು. ಅಷ್ಟು ಸರಿ ಹೇಳಿದವರು ನಮ್ಮ ಕಡೆ ಜ್ಯೋತಿಷಿಗಳಾಗಿ ಮೂರಂತಸ್ತು ಎಬ್ಬಿಸಿದ್ದಾರೆ.

ಈ ರಾಜ್ಯೋತ್ಸವಕ್ಕೆ ಊರಿನ ಯುವಕರ ಸಂಘದವರು ಅವನಿಗೆ ಶಾಲು ಹೊದಿಸಿ, ಪೇಟ ತೊಡಿಸಿ 'ವಿದ್ಯುತ್ ರತ್ನ' ಎಂಬ ಬಿರುದು ಕೊಟ್ಟರು. ಕ್ಷೀರ ರತ್ನ, ಕಬಡ್ಡಿ ರತ್ನಗಳು ಹೋದ ವರ್ಷವೇ ಖರ್ಚಾಗಿದ್ದವು. ಆ ಸನ್ಮಾನದ ಫೋಟೊ ಕಟ್ಟು ಹಾಕಿಸಿಕೊಂಡು, ಕಿಟಕಿ ಬಾಗಿಲಷ್ಟು ದೊಡ್ಡದಾಗಿ ಮನೆಗೆ ಬಂತು. ಅದರ ಘನತೆಗೆ ತಕ್ಕಂತೆ ಬೆರಳುದ್ದದ ಮೊಳೆ ಹುಡುಕಿ, ನಡುಮನೆ ಗೋಡೆಗೆ ಬೀರಪ್ಪನೇ ಹೊಡೆದು ತೂಗುಹಾಕಿದ. ಮಾರನೇ ದಿನ ಮಗಳು ಹರ್ಷಿತಳ ಮಾವ ಮುನಿರಾಮಯ್ಯನವರು ಕುಂದಾಣದಿಂದ ಊಟಕ್ಕೆ ಬರುವವರಿದ್ದರು. "ನಮ್ಮ ಬೀಗರು ವಿದ್ಯುತ್ ರತ್ನ" ಎಂದು ಅವರು ಆಗಲೇ ಕುಂದಾಣದ ತುಂಬ ಸಾರಿದ್ದರಂತೆ. ಈ ಬಿರುದು ಬೀಗರ ಮುಂದೆ ನಿಲ್ಲಬೇಕಿತ್ತು.

ಬೀಗರು ಬರುವ ದಿನ ಬೆಳಿಗ್ಗೆ ಅಡುಗೆಮನೆಯಿಂದ ಹೆಂಡತಿ ಮುನಿಗಂಗಮ್ಮ ಕೂಗಿದಳು. "ರೀ, ಮಿಕ್ಸಿ ತಿರುಗ್ತಿಲ್ಲ!"

ನಾಟಿ ಕೋಳಿ ಸಾರಿನ ಮಸಾಲೆ ಜಾರಿನಲ್ಲಿ ಕಾದು ಕೂತಿತ್ತು. ಬೀರಪ್ಪ ಪಂಚೆ ಎತ್ತಿಕಟ್ಟಿ, ರಬ್ಬರ್ ಚಪ್ಪಲಿ ಮೆಟ್ಟಿ, ಕುರುಕ್ಷೇತ್ರಕ್ಕೆ ಹೊರಟವನಂತೆ ಬಂದ. ಟೆಸ್ಟರ್ ಚುಚ್ಚಿದ. ಕೆಂಪು ದೀಪ ಹತ್ತಿತು.

"ಕರೆಂಟೈತೆ. ನಿನ್ ಮಿಕ್ಸಿ ಹೋಗೈತೆ."

"ನಿನ್ನೆ ಬೆಳಿಗ್ಗೆ ಚಟ್ನಿ ರುಬ್ಬಿದೀನಿ. ಸುಮ್ನೆ ಮೂಲೇಲಿ ಕೂತಿದ್ದದ್ದು ಅದೆಂಗೆ ಹೋಯ್ತದೆ?"

"ಮನುಷ್ಯರೇ ಮಲಗಿದ್ದಲ್ಲಿ ಹೋಗ್ತಾರೆ, ಮಿಕ್ಸಿ ಯಾವ ಲೆಕ್ಕ?"

ಪಕ್ಕದ ಮನೆಯ ಮುನಿತಾಯಮ್ಮ ತನ್ನ ಮಿಕ್ಸಿ ಎತ್ತಿಕೊಂಡು ಬಂದಳು. ಅದೂ ತಿರುಗಲಿಲ್ಲ. ಟೆಸ್ಟರ್ ಮಾತ್ರ ಮದುವೆ ಮನೆಯಂತೆ ಬೆಳಗಿತು.

"ಇದೂ ಹೋಗೈತೆ."

"ಏನಣ್ಣಾ ಹಿಂಗಂತೀಯ! ಈಗ ತಾನೆ ಹಿಟ್ಟು ರುಬ್ಕಂಡು ಬಂದಿದೀನಿ!"

"ಬರ್ತಾ ದಾರೀಲಿ ಹೋಗಿರಬೇಕು ತಾಯಮ್ಮಾ."

ಆಕೆ ಮುಖ ಗಂಟಿಕ್ಕಿಕೊಂಡು ಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯಿಂದ ಬೀದಿಗೆಲ್ಲ ಕೇಳುವಂತೆ ಸತ್ತ ಮಿಕ್ಸಿಯ ಗರ್ಜನೆ ಎದ್ದಿತು.

"ನಮ್ಮ ಕರೆಂಟು ಅವಳ ಮಿಕ್ಸಿಗೆ ಕೂಡಿಬರ್ಲಿಲ್ಲ" ಎಂದ ಬೀರಪ್ಪ, ಜಾತಕ ಮುಚ್ಚಿಡುವವನಂತೆ.

ಮುನಿಗಂಗಮ್ಮ ತನ್ನ ಮಿಕ್ಸಿಯನ್ನು ಕಂಕುಳಲ್ಲಿ ಇರುಕಿಕೊಂಡು ಕೊಟ್ಟಿಗೆಗೆ ನಡೆದಳು. ಹಾಲು ಕರೆಯುವ ಮಿಷಿನ್ನಿನ ಪ್ಲಗ್ ಕಿತ್ತು ಇದನ್ನು ಸಿಕ್ಕಿಸಿದಳು. ಗರ್‍ರ್ ಎಂದಿತು. ಹಸು ಬೆಚ್ಚಿ ಎದ್ದು ನಿಂತಿತು.

ಇನ್ನು ಅಪರಾಧಿ ಸಾಕೆಟ್ಟೊಂದೇ. ಬೀರಪ್ಪ ಮೇನ್ ಆಫ್ ಮಾಡಿ, ಸ್ಕ್ರೂ ಬಿಚ್ಚಿ ಒಳಗೆ ನೋಡಿದ. ತಂತಿಗಳು ಭದ್ರವಾಗಿದ್ದವು. ಮತ್ತೆ ಮುಚ್ಚಿ ಮೇನ್ ಹಾಕಿದರೆ ಟೆಸ್ಟರ್ ನಗುತ್ತಿತ್ತು, ಸಾಕೆಟ್ಟು ಸುಮ್ಮನಿತ್ತು. ಬೀರಪ್ಪನ ನೆತ್ತಿ ಬೆವರಿತು.

"ಸೂಲಿಬೆಲೆಯಿಂದ ಎಲೆಕ್ಟ್ರಿಷಿಯನ್ ಕರೆಸಾನ ಕಣ್ರೀ."

"ವಿದ್ಯುತ್ ರತ್ನನ ಮನೇಗಾ? ಅಡುಗೆ ಭಟ್ಟನ ಮನೆಗೆ ಹೋಟ್ಲಿಂದ ಅನ್ನ ತರಿಸ್ದಂಗಾಯ್ತದೆ!"

ಮುನಿಗಂಗಮ್ಮ ಸಾಕೆಟ್ಟನ್ನು ನೋಡಿದಳು, ಅದರ ಮೇಲಿನ ಗೋಡೆ ನೋಡಿದಳು. ನಡುಮನೆಗೆ ಹೋಗಿ ಅದೇ ಗೋಡೆಯ ಈಚೆ ಮುಖ ನೋಡಿದಳು. ಪೇಟ ತೊಟ್ಟ ಬೀರಪ್ಪ ಫೋಟೊದೊಳಗಿಂದ ಹಲ್ಲುಕಿರಿಯುತ್ತಿದ್ದ.

"ಬನ್ರೀ ಇಲ್ಲಿ. ಮನೆ ಕಟ್ಟುವಾಗ ಗೋಡೆಗೆ ನೀರು ಹೊಡೀತಿದ್ದೋಳು ನಾನು. ಸಾಕೆಟ್ಟಿನ ಪೈಪು ಇಲ್ಲೇ ಇಳಿದಿರೋದು. ಅದರ ಎದೆಗೇ ಹೊಡೆದಿದೀರಲ್ಲ ಮೊಳೆ!"

ಕರೆಂಟಿಗೆ ಬರಲು ಒಂದು ತಂತಿ, ಹಿಂದಿರುಗಲು ಒಂದು ತಂತಿ. ಟೆಸ್ಟರ್ ಬಂದದ್ದನ್ನಷ್ಟೇ ಸಾರುತ್ತದೆ, ಹೋಗಲು ದಾರಿಯಿದೆಯೇ ಎಂದು ಕೇಳುವುದಿಲ್ಲ. ಹೋಗಲು ದಾರಿಯಿಲ್ಲದೆ ಕರೆಂಟು ದುಡಿಯುವುದಿಲ್ಲ. ಸನ್ಮಾನದ ಮೊಳೆ ಹಿಂದಿರುಗುವ ತಂತಿಯನ್ನು ಕಡಿದುಹಾಕಿತ್ತು.

"ಫೋಟೊ ಇಳಿಸಿ. ಗೋಡೆ ಒಡೆಸಿ ಬೇರೆ ತಂತಿ ಎಳೆಸಾನ" ಎಂದಳು ಮುನಿಗಂಗಮ್ಮ.

ಅಷ್ಟರಲ್ಲಿ ಬೀದಿಯಲ್ಲಿ ಮುನಿರಾಮಯ್ಯನವರ ಸ್ಕೂಟರ್ ಸದ್ದು. ಬೀರಪ್ಪ ಮೇನ್ ಬೋರ್ಡಿಗೆ ಓಡಿ, ಮೊಳೆಗೆ ಕರೆಂಟು ಹತ್ತದಿರಲೆಂದು ಆ ಸಾಕೆಟ್ಟಿನ ಲೈನನ್ನು ಮಾತ್ರ ಆಫ್ ಮಾಡಿದ. ಓಡಿ ಬಂದು, ಕೋಟೆ ಬಾಗಿಲು ಕಾಯುವ ಭಟನಂತೆ ಫೋಟೊಗೆ ಅಡ್ಡ ಕೈಚಾಚಿ ನಿಂತ.

"ಗಂಗಾ, ನಿನ್ ಕಾಲಿಗೆ ಬೀಳ್ತೀನಿ. ಮಿಕ್ಸಿ ಕೊಟ್ಟಿಗೇಲೇ ಇರ್ಲಿ."

"ಇರ್ಲಿ. ಆದ್ರೆ ಇವತ್ತಿಂದ ಅಲ್ಲೋಗಿ ರುಬ್ಬೋರು ನೀವು."

ಹೀಗಾಗಿ ಮುನಿರಾಮಯ್ಯನವರು ಫೋಟೊ ನೋಡಿ ಕಣ್ತುಂಬಿಕೊಂಡು, ಅಸಲಿಯನ್ನು ಹುಡುಕುತ್ತ ಹಿತ್ತಲಿಗೆ ಹೋದಾಗ, ವಿದ್ಯುತ್ ರತ್ನ ಹಸುವಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ತೆಂಗಿನಕಾಯಿ ರುಬ್ಬುತ್ತಿದ್ದ.

"ಇದೇನ್ ಬೀಗ್ರೇ, ಕೊಟ್ಟಿಗೇಲಿ ಮಿಕ್ಸಿ?"

"ಹೊಸಾ ಪದ್ಧತಿ ಬೀಗ್ರೇ. ಒಲೆ ಬಿಸಿ ಮಿಕ್ಸಿ ಮೋಟ್ರಿಗಾಗಲ್ಲ. ಕೊಟ್ಟಿಗೆ ತಂಪು."

"ಓಹೋಹೋ! ಬಿರುದು ಸುಮ್ನೆ ಕೊಟ್ಟವ್ರಾ!" ಎಂದರು ಮುನಿರಾಮಯ್ಯ. ಮಾರನೇ ದಿನವೇ ಅವರ ಮನೆಯ ಮಿಕ್ಸಿಯೂ ಕೊಟ್ಟಿಗೆ ಸೇರಿತು ಎಂದು ಹರ್ಷಿತ ಫೋನಿನಲ್ಲಿ ಅಪ್ಪನನ್ನು ಬೈದಳು.

ಈಗಲೂ ಬೆಳಿಗ್ಗೆ ಬೀರಪ್ಪ ಜಾರು ಹಿಡಿದು ಕೊಟ್ಟಿಗೆಗೆ ಹೋಗುತ್ತಾನೆ. ಬರುವಾಗ ಒಮ್ಮೊಮ್ಮೆ, ಹೆಂಡತಿ ಆಚೆ ಇದ್ದರೆ, ಆ ಲೈನು ಹಾಕಿ ಅಡುಗೆಮನೆ ಸಾಕೆಟ್ಟಿಗೆ ಟೆಸ್ಟರ್ ಚುಚ್ಚುತ್ತಾನೆ. ಕೆಂಪು ದೀಪ ಹತ್ತುತ್ತದೆ.

"ಕರೆಂಟೈತೆ" ಎನ್ನುತ್ತಾನೆ, ಬಲು ನೆಮ್ಮದಿಯಿಂದ.