ಕರಿ ಕೋಟು, ಕಿಟಕಿಯ ಬೆಳಕು

ಫೋಟೋದಲ್ಲಿ ಬೆನ್ನು ಕಾಣುವುದಿಲ್ಲ. ಇಷ್ಟು ವರ್ಷ ಎಷ್ಟೋ ಮನೆಗಳ ಗೋಡೆ ನೋಡಿಯೂ ಇದು ನನಗೆ ಹೊಳೆದದ್ದು ಮೊನ್ನೆ, ನಮ್ಮ ಯಜಮಾನರ ಕೋಟಿಗೆ ಹಿಂದಿನಿಂದ ಸೀರೆ ಪಿನ್ನು ಚುಚ್ಚುವಾಗ.

ಹಾರ ಹಾಕುವ ಫೋಟೋ ಅವರಿಗೆ ಈಗಲೇ ಆಗಬೇಕಂತೆ. ಈ ಪರದೇಶದಲ್ಲಿ ನಮ್ಮವರು ಯಾರಾದರೂ ತೀರಿಕೊಂಡರೆ ಮಕ್ಕಳು ಫೋನೆಲ್ಲ ತಡಕಿ, ಯಾರದೋ ಬರ್ತ್‌ಡೇಯಲ್ಲಿ ಕೇಕು ಮೆಲ್ಲುತ್ತಿದ್ದ ಮುಖವನ್ನೇ ಕತ್ತರಿಸಿ ದೊಡ್ಡದು ಮಾಡಿಸುತ್ತಾರೆ. ತನಗೆ ಆ ಗತಿ ಬೇಡ, ಕರಿ ಕೋಟಿನಲ್ಲೇ ಕೂರಬೇಕು, ಅದೂ ಮುಖ ಇನ್ನೂ ತನ್ನದಾಗಿರುವಾಗಲೇ ಎಂದು ಹಟ. ಕಾಯಿಲೆ ಮನುಷ್ಯನನ್ನು ಅರ್ಧ ಮಾಡಿದೆ. ಕೋಟು ಮಾತ್ರ ಇಂಜಿನಿಯರಾಗಿದ್ದಾಗಿನ ಅಳತೆಯದೇ.

ತೆಗೆಯುವವಳು ಮೊಮ್ಮಗಳು ಅನು, ಕಾಲೇಜಿನಲ್ಲಿ ಚಿತ್ರಕಲೆ ಓದುತ್ತಾಳೆ. ಹೋದ ತಿಂಗಳು ನನ್ನನ್ನು ಡೌನ್‌ಟೌನಿನ ಮ್ಯೂಸಿಯಮ್ಮಿಗೆ ಎಳೆದೊಯ್ದಿದ್ದಳು. ಐನೂರು ವರ್ಷದ ಹಿಂದಿನ ಇಟಲಿಯ ಸಾಹುಕಾರರು ಗೋಡೆ ತುಂಬ ಕೂತಿದ್ದರು. ಕೆಳಗೆ ಬರೆದದ್ದು ಓದಲು ನನಗೆ ಬಾರದು, ಬಟ್ಟೆ ನೋಡಿದೆ. ತೋಳಿಗೆ ತುಪ್ಪಳದ ಅಂಚು, ಕೊರಳಿಗೆ ಮುತ್ತು. ಒಳಗಿನ ಬಿಳಿ ಅಂಗಿ ಒಂದಿಷ್ಟು ಇಣುಕಲೇಬೇಕು, ಒಗೆಯಲು ಆಳಿದ್ದಾರೆ ಎಂದು ತಿಳಿಯಲಿ ಅಂತ ಇರಬೇಕು. ಕೆಲವರು ಬರೀ ಕಪ್ಪಿನಲ್ಲಿದ್ದರು. ಪಾಪ, ಯಾರು ಸತ್ತಿದ್ದರೋ ಎಂದೆ.

"ನೋ ಅಜ್ಜಿ, ಆಗ ಬ್ಲ್ಯಾಕ್ ಡೈ ತುಂಬಾ ಎಕ್ಸ್‌ಪೆನ್ಸಿವ್. ಅಷ್ಟು ಡೀಪ್ ಬ್ಲ್ಯಾಕ್ ಹಾಕಿದ್ರೆ ವೆರಿ ರಿಚ್ ಅಂತ," ಎಂದಳು.

ಬೆಳಕಿಗೂ ಅಲ್ಲಿ ದಾಕ್ಷಿಣ್ಯ ಇತ್ತು. ಚಿತ್ರ ಮಾಡಿಸಿಕೊಂಡವನ ಹಣೆಗೂ ಉಂಗುರಕ್ಕೂ ಬಿದ್ದು, ಉಳಿದದ್ದನ್ನೆಲ್ಲ ಕತ್ತಲಿಗೆ ಬಿಟ್ಟುಕೊಟ್ಟಿತ್ತು.

ಅದೇ ಬೆಳಕು ಬೇಕೆಂದು ಅನು ನಮ್ಮ ಸ್ಕಾರ್‌ಬರೋ ಮನೆಯ ಉತ್ತರದ ಕಿಟಕಿಯ ಪಕ್ಕ ತಾತನನ್ನು ಕೂರಿಸಿದಳು. ಹೊರಗೆ ಹಿಮ, ಒಳಗೆ ಹಾಲಿನಂಥ ಬೆಳಕು. ಕೋಟನ್ನು ಪಿನ್ನಿನಿಂದ ಒಪ್ಪಿಸಿದ್ದೆ, ಬೆಳಕನ್ನು ಒಪ್ಪಿಸಲಾಗಲಿಲ್ಲ. ಕಾಲರಿನೊಳಗೆ ಒಂಟಿಯಾಗಿ ನಿಂತ ಕೊರಳನ್ನು ಅದು ಎತ್ತಿ ತೋರಿಸಿತು. ಅವರು ಕ್ಯಾಮೆರಾ ಕೇಳಿ ಇಸಿದುಕೊಂಡು, ತೆಗೆದದ್ದನ್ನು ನೋಡಿದರು.

"ಬೇಡ ಬಿಡಮ್ಮ. ಇದು ನಾನಲ್ಲ," ಎಂದು ಕ್ಯಾಮೆರಾ ಅವಳ ಕೈಗೆ ಕೊಟ್ಟರು.

ಅನು ಕಣ್ಣು ತುಂಬಿಕೊಂಡಳು. ಸಮಾಧಾನ ಹೇಳುವುದು ನನಗೆ ಬಂದಿದ್ದರೆ ತಾನೆ. ಅವಳ ಹಿಂದೆ ನಿಂತುಕೊಂಡೇ ಅಂದೆ, "ಹೌದು ರೀ, ಕೋಟೇ ನಿಮ್ಮನ್ನ ಹಾಕ್ಕೊಂಡ್ಬಿಟ್ಟಿದೆ. ಬಿಚ್ಚಿ ಅತ್ಲಾಗೆ."

ಅವರು ನನ್ನನ್ನು ದುರುಗುಟ್ಟಿ ನೋಡಿದರು. ಆಮೇಲೆ ಹೆಗಲು ಕುಣಿಸಿ ಕೋಟನ್ನು ಜಾರಿಸುತ್ತಾ ನಗತೊಡಗಿದರು, ಹಲ್ಲು ಸೆಟ್ಟು ಅಲುಗಾಡುವ ಹಾಗೆ. ಅನು ಆಗ ಕ್ಯಾಮೆರಾದ ಗುಂಡಿ ಒತ್ತಿಬಿಟ್ಟಳು.

ಮೊಣಕೈ ಸವೆದ ಸ್ವೆಟರು, ಮುಖದ ತುಂಬ ಬೆಳಕು. ನೋಡಿ, "ಇದಿರ್ಲಿ," ಎಂದರು. ಫ್ರೇಮು ಹಾಕಿಸಿ ಬೀರುವಿನಲ್ಲಿಟ್ಟಿದ್ದೇನೆ. ಮುಂದೆ ಹಾರ ಹಾಕುವ ದಿನ ಬಂದವರು ಕೇಳಬಹುದು, ಇವರು ಯಾರನ್ನು ನೋಡಿ ಹೀಗೆ ನಗುತ್ತಿದ್ದಾರೆ ಎಂದು. ನಾನಂತೂ ಹೇಳುವುದಿಲ್ಲ.