ಆ ದಿನ ಮಾವ ಸಹಿ ಹಾಕಲಿಲ್ಲ

ಅವರ ಎಡಗಿವಿ ಪೂರ್ತಿ ಕಿವುಡಾಗಿತ್ತು. ಆ ಕಡೆಯಿಂದ ಯಾರಾದರೂ ಮಾತಾಡಿಸಿದರೆ, ತಲೆಯ ಮೇಲೆ ಹೊರೆ ಹೊತ್ತವರ ಹಾಗೆ ಇಡೀ ದೇಹವನ್ನೇ ನಿಧಾನವಾಗಿ ತಿರುಗಿಸಿ, ಬಲಗಿವಿಯನ್ನು ಮುಂದಕ್ಕೆ ತಂದು, "ಈಗ ಹೇಳ್" ಅನ್ನುತ್ತಿದ್ದರು. ಮೂವತ್ತು ವರ್ಷ ವಿಮಾನದ ಎಂಜಿನ್‌ಗಳ ಪಕ್ಕದಲ್ಲಿ ನಿಂತು ಕಳೆದುಕೊಂಡ ಕಿವಿ ಅದು. ಉಳಿದ ಕಿವಿಯ ಮೇಲೂ ಅವರಿಗೆ ಪೂರ್ತಿ ನಂಬಿಕೆ ಇರಲಿಲ್ಲ. ಬೆಳಿಗ್ಗೆ ಎಂಜಿನ್ ಪರೀಕ್ಷೆಗೆ ಚಾಲೂ ಮಾಡಿದಾಗ ವಿಮಾನದೊಳಗೆ ಮಂಡಿಯೂರಿ ಕೂತು, ನೆಲಕ್ಕೆ ಎರಡೂ ಅಂಗೈ ಊರಿ, ಎಂಜಿನ್ನಿನ ಅದುರನ್ನು ಗಮನಿಸಲು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ದೂರದಿಂದ ನೋಡಿದವರಿಗೆ ಪ್ರಾರ್ಥನೆ ಮಾಡುತ್ತಿದ್ದಾರೇನೋ ಅನ್ನಿಸಬೇಕು.

ಅವರು ನನಗೆ ರಕ್ತಸಂಬಂಧಿಯಲ್ಲ. ಕೇರಳದ ಕರಾವಳಿಯ ಒಂದು ನಗರದಿಂದ ದ್ವೀಪವೊಂದಕ್ಕೆ ದಿನಕ್ಕೊಮ್ಮೆ ಹೋಗಿ ಬರುವ ಪುಟ್ಟ ವಿಮಾನದ ಕಂಪನಿಯೊಂದಿತ್ತು. ಈಗ ಇಲ್ಲ. ಇದ್ದದ್ದು ಎರಡೇ ವಿಮಾನ; ಅದರಲ್ಲೂ ಒಂದು ಸದಾ ರಿಪೇರಿಯಲ್ಲಿ. ಅಲ್ಲಿ ಕೌಂಟರಿನಲ್ಲಿದ್ದ ಹುಡುಗಿ ನಾನು, ಅವರು ಇಂಜಿನಿಯರ್ ಆಗಿದ್ದರು. ವಿಮಾನ ಹಾರಲು ಯೋಗ್ಯವಾಗಿದೆ ಎಂದು ಅವರು ದಿನವೂ ಒಂದು ಪುಸ್ತಕದಲ್ಲಿ ಸಹಿ ಹಾಕಬೇಕು. ಸಹಿ ಬೀಳದೆ ವಿಮಾನ ಕದಲುವಂತಿಲ್ಲ.

ಕೆಲಸಕ್ಕೆ ಸೇರಿದ ಮೊದಲ ದಿನ ನನ್ನ ಊರು ಕೇಳಿದರು. ಕೊಡಗಿನ ಮೂರ್ನಾಡು ಅಂದೆ. ಅವರ ಮುಖ ಅರಳಿತು. ಅಲ್ಲಿಯವರೆಗೆ ಮಲಯಾಳಂನಲ್ಲಿ ಮಾತಾಡುತ್ತಿದ್ದವರು ಸೀದಾ ನಮ್ಮ ಮನೆಮಾತು ಅರೆಭಾಷೆಗೆ ಇಳಿದರು.

"ಮೂರ್ನಾಡ್‌ಲಿ ಎಲ್ಲಿ? ನಂದ್ ಚೆಟ್ಟಳ್ಳಿ. ನಮ್ಮ ಭಾಷೆ ಕೇಳಿ ಎಷ್ಟ್ ಕಾಲ ಆತ್. ಸಾರ್ ಗೀರ್ ಬೇಡ, ಮಾವ ಅಂತ ಕರಿ."

ಅಂದಿನಿಂದ ಅವರು ಮಾವ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿ ಸೇರಿ, ಹೊರಬಂದ ಮೇಲೆ ಪರೀಕ್ಷೆಗಳನ್ನು ಬರೆದು ಲೈಸೆನ್ಸ್ ಪಡೆದವರು. ಅವರ ಹೆಂಡತಿ, ನನಗೆ ಅತ್ತೆ, ಚೆಟ್ಟಳ್ಳಿಯಲ್ಲಿದ್ದರು. ಮಾವ ಎರಡು ತಿಂಗಳಿಗೊಮ್ಮೆ ಬಸ್ಸು ಹತ್ತಿ ಊರಿಗೆ ಹೋಗಿ, ಬರುವಾಗ ನನಗೂ ನಮ್ಮ ಕಡೆಯ ಕಹಿಕಿತ್ತಳೆ ಕೈಪುಳಿಯ ಒಂದು ಡಬ್ಬಿ ಉಪ್ಪಿನಕಾಯಿ ತರುತ್ತಿದ್ದರು.

ಹದಿನೈದು ಸೀಟಿನ ವಿಮಾನವಾದ್ದರಿಂದ ಸಾಮಾನಿನ ಜೊತೆ ಪ್ರಯಾಣಿಕರನ್ನೂ ತೂಕ ಮಾಡಬೇಕಿತ್ತು. ತಕ್ಕಡಿ ಹತ್ತಲು ಹೆಂಗಸರು ನಾಚುತ್ತಿದ್ದರು, ಹಿಂದಿನ ಸಾಲಿನವರು ಇಣುಕಿ ನಗುತ್ತಿದ್ದರು. ಒಂದು ದಿನ ಮಾವ ರಟ್ಟಿನ ತುಂಡೊಂದನ್ನು ಕತ್ತರಿಸಿ ತಂದು, ಅಂಕಿ ನನಗೆ ಮಾತ್ರ ಕಾಣುವ ಹಾಗೆ ತಕ್ಕಡಿಗೆ ಮರೆ ಕಟ್ಟಿದರು. ಯಾರೂ ಹೇಳಿದ್ದಲ್ಲ. ಯಂತ್ರಗಳ ನಡುವೆ ಇದ್ದವರಿಗೆ ಅದು ಹೇಗೆ ಕಂಡಿತೋ.

ವಿಮಾನ ರದ್ದಾದಾಗಲೆಲ್ಲ 'ಹವಾಮಾನ ಸರಿಯಿಲ್ಲ ಅನ್ನು' ಎಂದು ಮ್ಯಾನೇಜರ್ ಹೇಳಿಕೊಡುತ್ತಿದ್ದರು. ಮಾವನಿಗೆ ಅದು ಸೇರುತ್ತಿರಲಿಲ್ಲ.

"ಹವಾಮಾನ ಎಂತ ಮಾಡ್ತ್ ನಿಂಗೆ? ಇದ್ದದ್ದ್ ಹೇಳ್. ಮೆಷಿನ್ ಸರಿ ಇಲ್ಲೆ, ಇಂಜಿನಿಯರ್ ಸಹಿ ಹಾಕಿಲ್ಲೆ ಅಂತ ಹೇಳ್. ಬೈಯುವವ್ರು ನಂಗೆ ಬೈಲಿ."

ಹಾಗೆ ಹೇಳಿ ಕೌಂಟರಿನ ಪಕ್ಕ ಬಂದು ನಿಲ್ಲುತ್ತಿದ್ದರು. ಜನ ಬೈಯುತ್ತಿದ್ದರು. ಮಾವ ಒಮ್ಮೆಯೂ ಕಿವುಡುಗಿವಿಯನ್ನು ಅವರ ಕಡೆ ಮಾಡಿದ್ದಿಲ್ಲ. ಕೇಳುವ ಕಿವಿಯನ್ನೇ ಮುಂದಿಟ್ಟು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು.

ಆ ದಿನ ಮಳೆಯೂ ಇರಲಿಲ್ಲ, ಗಾಳಿಯೂ ಇರಲಿಲ್ಲ. ಬೆಳಿಗ್ಗೆ ಆರು ಗಂಟೆಗೆ ಮಾವ ಬಿಳಿ ಬಟ್ಟೆಯ ಚೂರೊಂದನ್ನು ಅಂಗೈಯಲ್ಲಿಟ್ಟುಕೊಂಡು ಬಂದರು. ಎಂಜಿನ್ನಿನ ಎಣ್ಣೆಯಲ್ಲಿ ಒಂದು ಸಣ್ಣ ಆಯಸ್ಕಾಂತ ಇರುತ್ತದೆ. ಒಳಗೆ ಏನಾದರೂ ಸವೆದರೆ ಲೋಹದ ಪುಡಿ ಅದಕ್ಕೆ ಅಂಟುತ್ತದೆ. ಬಟ್ಟೆಯ ಮೇಲೆ ಎರಡು ಚೂರುಗಳಿದ್ದವು, ಸಾಸಿವೆಯ ಸಿಪ್ಪೆಯಷ್ಟು.

"ಇಷ್ಟೇಯಾ?" ಅಂದೆ.

"ಇಷ್ಟೇ. ಎಲ್ಲಿಂದ ಬಂದದ್ ಅಂತ ಗೊತ್ತಿಲ್ಲೆ. ಪರೀಕ್ಷೆಗೆ ಕಳ್ಸೊಕ್."

ವಿಮಾನ ರದ್ದಾಯಿತು. ಎಲ್ಲರೂ ಬೈದು ಹೊರಟುಹೋದರು, ಒಬ್ಬ ಮಾತ್ರ ಹೋಗಲಿಲ್ಲ. ಆ ದ್ವೀಪದವನೇ, ನಗರದ ಹೋಟೆಲೊಂದರಲ್ಲಿ ಅಡುಗೆಯವನು. ಹೆಂಡತಿಯ ಹೆರಿಗೆಗೆಂದು ಊರಿಗೆ ಹೊರಟಿದ್ದ. ಅವನ ಚೀಲದ ಮೇಲೆ ಕೂಸಿಗೆ ಹೊದಿಸುವ ಸೊಳ್ಳೆಪರದೆ ಕಟ್ಟಿತ್ತು. ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ದ್ವೀಪದ ನಮ್ಮ ಕಚೇರಿಯಿಂದ ಫೋನ್ ಬಂತು. ಅವನ ಹೆಂಡತಿಗೆ ಬೆಳಗಿನ ಜಾವವೇ ಹೆರಿಗೆಯಾಗಿತ್ತು, ಹೆಣ್ಣು ಮಗು. ಆದರೆ ರಕ್ತಸ್ರಾವ ನಿಲ್ಲುತ್ತಿಲ್ಲ. ಅಲ್ಲಿನ ಆಸ್ಪತ್ರೆಯಲ್ಲಿ ರಕ್ತವಿಲ್ಲ, ಆಪರೇಷನ್ ಮಾಡುವವರೂ ಇಲ್ಲ. ತುರ್ತು ಹೆಲಿಕಾಪ್ಟರ್ ಬೇರೆ ದ್ವೀಪದ ರೋಗಿಯನ್ನು ಕರೆದೊಯ್ದಿದೆ, ಸಂಜೆಗೆ ಮೊದಲು ಬರುವುದಿಲ್ಲ. ಕತ್ತಲಾದ ಮೇಲೆ ಇಳಿಯಲು ಅಲ್ಲಿ ದೀಪಗಳಿಲ್ಲ. ನಮ್ಮ ವಿಮಾನ ಹೋದರೆ ಮೂರು ಗಂಟೆಯೊಳಗೆ ಆಕೆ ನಗರದ ಆಸ್ಪತ್ರೆಯಲ್ಲಿರುತ್ತಾಳೆ.

ಮ್ಯಾನೇಜರ್ ಮಾವನನ್ನು ಕೌಂಟರಿನ ಹಿಂದಿನ ಕೋಣೆಗೆ ಕರೆದರು. ಪೈಲಟ್ ಅಲ್ಲೇ ಇದ್ದರು.

"ಒಂದೇ ಟ್ರಿಪ್. ಹೋಗಿ ಬರೋದಷ್ಟೇ," ಅಂದರು ಮ್ಯಾನೇಜರ್. "ಎರಡು ಎಂಜಿನ್ ಇದೆಯಲ್ಲ. ಒಂದು ಕೈಕೊಟ್ಟರೆ ಇನ್ನೊಂದಿದೆ."

"ಇನ್ನೊಂದನ್ನು ನಂಬಿ ಇದಕ್ಕೆ ಸಹಿ ಹಾಕು ಅಂತ ನನಗೆ ಲೈಸೆನ್ಸ್ ಕೊಟ್ಟಿಲ್ಲ."

"ನೀವು ಸಹಿ ಹಾಕಿ, ನಾನು ಹೋಗ್ತೇನೆ," ಅಂದರು ಪೈಲಟ್.

"ನೀವು ಹೋಗ್ತೀರಿ ಅಂತ ಗೊತ್ತು. ವಾಪಸ್ ಬರ್ತೀರಾ ಅಂತ ಗೊತ್ತಿಲ್ಲ."

ಬಾಗಿಲಲ್ಲಿ ಆ ಅಡುಗೆಯವನು ನಿಂತಿದ್ದ. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ. ಒಳಗೆ ಬಂದು ಮಾವನ ಕೈ ಹಿಡಿದುಕೊಂಡ. ಮಲಯಾಳಂನಲ್ಲಿ ಹೇಳಿದ, "ಸಾರ್, ಏನಾದರೂ ಆದರೆ ನನ್ನ ಜವಾಬ್ದಾರಿ ಅಂತ ಬರೆದುಕೊಡ್ತೇನೆ. ಬೇಕಾದರೆ ನಾನೂ ಅದರಲ್ಲೇ ಹೋಗ್ತೇನೆ."

ಮಾವ ಕೈ ಬಿಡಿಸಿಕೊಳ್ಳದೆ, ಮಗನೇ ಎಂದು ಕರೆದು ಅವನ ಭಾಷೆಯಲ್ಲೇ ಹೇಳಿದರು. "ಬರುವಾಗ ಅದರೊಳಗೆ ನಿನ್ನ ಹೆಂಡತಿ ಇರ್ತಾಳೆ ಮೋನೆ, ನರ್ಸ್ ಇರ್ತಾಳೆ. ಅವರ ಪರವಾಗಿ ನೀನು ಹೇಗೆ ಬರೆದುಕೊಡ್ತಿ?"

ಅವನು ಗೋಡೆಗೊರಗಿ ಕೂತ. ಆಗ ನಾನು ಮಾಡಿದ್ದನ್ನೂ ಹೇಳಬೇಕು. ಮಾವನ ಬಳಿ ಹೋಗಿ, ಬೇರೆಯವರಿಗೆ ತಿಳಿಯದ ನಮ್ಮ ಭಾಷೆಯಲ್ಲಿ, "ಒಂದ್ ಸಲ ಮಾವ, ಒಂದೇ ಸಲ," ಅಂದೆ.

ಅವರು ನನ್ನನ್ನು ನೋಡಿದರು. ಮ್ಯಾನೇಜರ್ ಮಾತಿಗೂ ಪೈಲಟ್ ಮಾತಿಗೂ ಬಾಡದಿದ್ದ ಮುಖ ಬಾಡಿತು.

"ನಂಗೆ ಗೊತ್ತಿಲ್ಲೆ ಕೂಸೇ. ಗೊತ್ತಿಲ್ಲದ್ದಕ್ಕೆ ಹೆಂಗೆ ಸಹಿ ಹಾಕ್ದು?"

ಸಹಿ ಹಾಕಲಿಲ್ಲ. ಸಂಜೆ, ಬೇರೆ ದಾರಿಯಿಲ್ಲದೆ, ಆಕೆಯನ್ನು ದೋಣಿಗೆ ಹತ್ತಿಸಿದರು. ಕೂಸನ್ನು ಅಜ್ಜಿಯ ಬಳಿ ಬಿಟ್ಟರು. ದಡ ಸೇರುವ ಮೊದಲೇ, ನಡುಸಮುದ್ರದಲ್ಲಿ, ಆಕೆ ತೀರಿಕೊಂಡಳು. ಮರುದಿನ ಬೆಳಿಗ್ಗೆ ನಗರದ ಬಂದರಿನಲ್ಲಿ ಆ ಅಡುಗೆಯವನು ಕಾದು ನಿಂತಿದ್ದ, ಜೊತೆಗೆ ಮಾವನೂ ಹೋಗಿ ನಿಂತಿದ್ದರು ಎಂದು ಆಮೇಲೆ ಗೊತ್ತಾಯಿತು. ದೋಣಿಯವರು ವಿಷಯ ಹೇಳಿದಾಗ ಇಬ್ಬರೂ ಅಕ್ಕಪಕ್ಕದಲ್ಲೇ ಇದ್ದರಂತೆ.

ಮೂರು ವಾರದ ಮೇಲೆ ಪರೀಕ್ಷೆಯ ವರದಿ ಬಂತು. ಲೋಹದ ಚೂರುಗಳು ಮಿತಿಯೊಳಗಿವೆ, ಎಂಜಿನ್ನಿನಲ್ಲಿ ದೋಷವಿಲ್ಲ. ಅಂದರೆ ಆ ದಿನ ವಿಮಾನ ಹೋಗಿ ಬರಬಹುದಿತ್ತು. ಮಾವ ಅದನ್ನು ನಿಂತುಕೊಂಡೇ ಎರಡು ಸಲ ಓದಿದರು. ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿಗೆ ಹಾಕಿಕೊಂಡರು.

"ನಾ ದ್ವೀಪಕ್ಕೆ ಹೋಕು," ಅಂದರು ನನಗೆ. "ನೀನೂ ಬಾ. ಒಬ್ಬಂಗೆ ಧೈರ್ಯ ಸಾಲ್ದು."

ಎಂಟು ವರ್ಷ ದಿನವೂ ಆ ದ್ವೀಪಕ್ಕೆ ವಿಮಾನ ಕಳಿಸಿದ್ದ ಮನುಷ್ಯ ಒಮ್ಮೆಯೂ ಅದನ್ನು ನೋಡಿರಲಿಲ್ಲ. ರನ್‌ವೇಯ ಒಂದು ತುದಿಯಲ್ಲೂ ಸಮುದ್ರ, ಇನ್ನೊಂದು ತುದಿಯಲ್ಲೂ ಸಮುದ್ರ. ನಮ್ಮದೇ ವಿಮಾನದಿಂದ ಇಳಿದ ಮೇಲೆ ಅವರು ಸ್ವಲ್ಪ ಹೊತ್ತು ಹಾಗೇ ನಿಂತು ಎರಡೂ ಕಡೆ ನೋಡಿದರು. ಆ ಅಡುಗೆಯವನ ಮನೆ ಅಲ್ಲಿಂದ ನಡೆದುಹೋಗುವಷ್ಟೇ ದೂರ. ಅವನು ಜಗಲಿಯಲ್ಲಿ ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ.

ಮಾವ ಕೂರಲಿಲ್ಲ. ವರದಿ ತೆಗೆದು ತೋರಿಸಿ, ಅದರಲ್ಲಿ ಏನಿದೆ ಎಂದು ಸರಳವಾಗಿ ಹೇಳಿದರು. "ಎಂಜಿನ್ ಚೆನ್ನಾಗಿತ್ತು, ಆ ದಿನ ನನಗೆ ಅದು ಗೊತ್ತಿರಲಿಲ್ಲ, ಅಷ್ಟೇ."

ಅವನು ಕೂಸಿನ ಮುಖಕ್ಕೆ ಬಿಸಿಲು ಬೀಳದ ಹಾಗೆ ಬಟ್ಟೆ ಸರಿಸಿದ. ಆಮೇಲೆ, "ಇಷ್ಟು ದಿನ ಮೆಷಿನ್ ಕೆಟ್ಟಿತ್ತು ಅಂದುಕೊಂಡಿದ್ದೆ," ಅಂದ. "ಮೆಷಿನ್ ಮೇಲೆ ಎಷ್ಟು ದಿನ ಸಿಟ್ಟು ಮಾಡೋದು ಸಾರ್. ಈಗ ನೀವು ಬಂದು ಒಬ್ಬ ಮನುಷ್ಯನನ್ನು ತೋರಿಸಿದಿರಿ."

"ಹೌದು."

"ಯಾಕೆ ಬಂದಿರಿ?"

"ನಿನಗೆ ಗೊತ್ತಿರಬೇಕಿತ್ತು."

"ನನಗೆ ಬೇಕಿರಲಿಲ್ಲ."

ಒಳಗಿನಿಂದ ಅವನ ಅತ್ತೆ ಎರಡು ಲೋಟ ಎಳನೀರು ತಂದರು. ಆ ಮನೆಯ ನೀರು ಕುಡಿಯಬಹುದೋ ಬಾರದೋ ಎಂದು ಮಾವ ಲೋಟ ಹಿಡಿದು ನಿಂತರು. ಅವನು ತಲೆಯೆತ್ತದೆ, "ಕುಡೀರಿ, ಬಿಸಿಲಿದೆ," ಅಂದ. ನಾವು ಕುಡಿದು ಬಂದೆವು.

ಅಂದು ಅದನ್ನು ಹೇಳಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ತೀರ್ಮಾನಿಸಲು ಆಗಿಲ್ಲ. ಮನಸ್ಸು ಹಗುರ ಮಾಡಿಕೊಳ್ಳಲು ಹೋದರು ಅನ್ನುವ ಹಾಗೂ ಇಲ್ಲ. ಬಂದ ಮೇಲೆ ಅವರು ಇನ್ನೂ ಕುಗ್ಗಿದರು. ಆ ವರ್ಷದ ಕೊನೆಗೆ ಕಂಪನಿ ಅವರನ್ನು ಮುಂದುವರಿಸಲಿಲ್ಲ. ಕಾರಣ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಇನ್ನೆರಡು ವರ್ಷಕ್ಕೆ ಕಂಪನಿಯೇ ಮುಚ್ಚಿತು. ನಾನು ಊರಿಗೆ ಬಂದು, ಚೆಟ್ಟಳ್ಳಿ ಹತ್ತಿರದ ಎಸ್ಟೇಟಿನ ಆಫೀಸಿನಲ್ಲಿ ಕೆಲಸ ಹಿಡಿದೆ. ಮಾವ ಆಗಲೇ ಅದೇ ಎಸ್ಟೇಟಿನ ವರ್ಕ್‌ಶಾಪಿನಲ್ಲಿದ್ದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ನೀರು ಹಾಯಿಸುವ ಪಂಪ್, ಪಿಕಪ್ ಜೀಪು, ಎಲ್ಲ ಅವರ ಕೈಗೇ ಬರುತ್ತಿದ್ದವು.

ಅಲ್ಲೂ ಅವರು ಬದಲಾಗಲಿಲ್ಲ. ಹಣ್ಣು ಕೀಳುವ ಪಿಕಿಂಗ್ ಸಮಯದಲ್ಲಿ ಒಂದು ಸಂಜೆ ಹದಿನಾಲ್ಕು ಹೆಂಗಸರು ಕೆಲಸದವರ ಲೈನ್‌ಮನೆಗಳಿಗೆ ಹೋಗಲು ಜೀಪು ಹತ್ತಿ ಕೂತಿದ್ದರು. ಮಾವ ಡ್ರೈವರ್ ಕೈಯಿಂದ ಕೀಲಿ ಕಸಿದುಕೊಂಡರು. ಬ್ರೇಕ್ ಪೆಡಲ್ ಮೆತ್ತಗಾಗಿದೆ, ನೋಡದೆ ಬಿಡುವುದಿಲ್ಲ ಅಂದರು.

ಕೂಲಿ ಲೆಕ್ಕ ನೋಡುವ ಎಸ್ಟೇಟಿನ ರೈಟರ್ ರೇಗಿದ. "ಇದು ವಿಮಾನ ಅಲ್ಲ ಮಾರಾಯ್ರೆ. ನಿನ್ನೆನೂ ಹೀಗೇ ಓಡಿದೆ."

"ನಿನ್ನೆ ನಾನು ನೋಡಿರ್ಲಿಲ್ಲ."

ಹೆಂಗಸರು ದಿನವಿಡೀ ಹಣ್ಣು ಕಿತ್ತ ಕೈಕಾಲಿನಲ್ಲಿ, ಇಳಿಜಾರಿನ ದಾರಿಯಲ್ಲಿ ಮೂರು ಮೈಲಿ ನಡೆದರು. ತಮಿಳಿನಲ್ಲಿ, ಕನ್ನಡದಲ್ಲಿ ಮಾವನಿಗೆ ಶಾಪ ಹಾಕುತ್ತಲೇ ನಡೆದರು. ಮಾವ ಜೀಪಿನ ಅಡಿ ನುಗ್ಗಿದರು. ಸಣ್ಣ ಸೋರಿಕೆ, ಅಷ್ಟೇ. ಅದರಿಂದ ಏನೂ ಆಗುತ್ತಿರಲಿಲ್ಲವೇನೋ. ಅವರು ತಡೆದದ್ದರಿಂದ ಒಂದು ಜೀವ ಉಳಿಯಿತು ಎಂದು ಎದೆತಟ್ಟಿ ಹೇಳುವಂಥ ಒಂದು ಘಟನೆಯೂ ಅವರ ಬದುಕಿನಲ್ಲಿ ನಡೆಯಲಿಲ್ಲ. ಒಂದಾದರೂ ನಡೆಯಲಿ ಎಂದು ನಾನು ಕಾದಿದ್ದೆ.

ಕಳೆದ ವರ್ಷ ಅವರ ಕರುಳಿನಲ್ಲಿ ಗಡ್ಡೆ ಇದೆ ಎಂದು ಗೊತ್ತಾಯಿತು. ಮಡಿಕೇರಿಯಿಂದ ಮೈಸೂರಿಗೆ ಕಳಿಸಿದರು. ನಾಲ್ಕು ತಿಂಗಳು ನರಳಿದರು. ಕೊನೆಕೊನೆಗೆ ನೋವಿನ ಔಷಧಿಯೂ ನಾಟುತ್ತಿರಲಿಲ್ಲ. ಒಂದು ಮಧ್ಯಾಹ್ನ ಅತ್ತೆ ಊಟಕ್ಕೆ ಹೋಗಿದ್ದಾಗ ನಾನೊಬ್ಬಳೇ ಪಕ್ಕದಲ್ಲಿದ್ದೆ.

"ಆ ಕೂಸಿಗೆ ಈಗ ಎಷ್ಟ್ ವರ್ಷ ಆತ್?" ಅಂದರು.

ಯಾವ ಕೂಸೆಂದು ನಾನು ಕೇಳಬೇಕಾಗಿರಲಿಲ್ಲ. "ಏಳು ಮಾವ."

ತಲೆಯಾಡಿಸಿದರು. "ಇನ್ನೊಂದ್ ಸಲ ಅದೇ ದಿನ ಬಂದ್ರೂ ನಾ ಸಹಿ ಹಾಕ್ತಿರ್ಲಿಲ್ಲೆ. ಅದೇ ನಂಗೆ ಹೆದರಿಕೆ," ಅಂದರು.

ಆ ದಿನ 'ಒಂದೇ ಸಲ' ಅಂದದ್ದಕ್ಕೆ ಕ್ಷಮೆ ಕೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ನೋವು ಬಂತು, ನರ್ಸನ್ನು ಕರೆಯಲು ಓಡಿದೆ. ಮತ್ತೆ ಆ ಮಾತು ಹೇಳಲು ಆಗಲೇ ಇಲ್ಲ. ಒಂಬತ್ತು ದಿನಕ್ಕೆ ಅವರು ಹೋದರು. ಚೆಟ್ಟಳ್ಳಿಯ ಮನೆಯ ತೋಟದಂಚಿನಲ್ಲಿ ಸುಟ್ಟೆವು. ಶಾಪ ಹಾಕಿದ ಹೆಂಗಸರಲ್ಲಿ ನಾಲ್ಕೈದು ಮಂದಿ ಕೆಲಸ ಬಿಟ್ಟು ಬಂದು ದೂರದಲ್ಲಿ ನಿಂತಿದ್ದರು.

ತಿಥಿ ಮುಗಿದ ಮೇಲೆ ಅತ್ತೆ ಅವರ ಫೋನನ್ನು ನನ್ನ ಕೈಗಿಟ್ಟರು. "ಆ ದ್ವೀಪದವನ ನಂಬರ್ ಇದ್ರಲಿ ಉಟ್ಟು. ನಂಗೆ ಅವನ ಭಾಷೆ ಬಾದುಲೆ. ನೀ ಹೇಳ್."

ಫೋನ್ ಮಾಡಿದೆ. ಕೌಂಟರಿನಲ್ಲಿದ್ದವಳು ಅಂದಾಗ ಅವನಿಗೆ ಗುರುತು ಹತ್ತಿತು. ವಿಷಯ ಹೇಳಿದೆ. ಆ ಕಡೆ ಯಾವುದೋ ಪಾತ್ರೆಯ ಸದ್ದಾಗುತ್ತಿದ್ದುದು ನಿಂತಿತು.

"ತುಂಬಾ ನೋವು ತಿಂದರಾ?" ಅಂದ.

"ಹೌದು. ನಾಲ್ಕು ತಿಂಗಳು."

"ಇದನ್ನು ಕೇಳಿದರೆ ನನಗೆ ಸಮಾಧಾನ ಆಗುತ್ತೆ ಅಂದುಕೊಂಡಿದ್ದೆ," ಅಂದ. "ಆಗ್ತಿಲ್ಲ."

ಅವನು ಫೋನ್ ಇಡಲಿಲ್ಲ, ನಾನೂ ಇಡಲಿಲ್ಲ. ಹತ್ತಿರದಲ್ಲೇ ಒಂದು ಹುಡುಗಿಯ ದನಿ, ಯಾರು ಫೋನಿನಲ್ಲಿ ಎಂದು ಕೇಳಿತು. ಅವನು ಬಾಯಿಯಿಂದ ಫೋನನ್ನು ಸ್ವಲ್ಪ ದೂರ ಹಿಡಿದು ಮಗಳಿಗೆ ಉತ್ತರಿಸಿದ. ನನಗೆ ಸ್ಪಷ್ಟವಾಗಿ ಕೇಳಿಸಿತು.

"ನನಗೆ ಬೇಕಾದವರೊಬ್ಬರು ತೀರಿಹೋದರಂತೆ ಮೋಳೆ," ಅಂದ.